ಶುಶ್ರೂಷೆ: ಯಾರ ಮಾತು ಕೇಳಬೇಕು?

ನರ್ಸಿಂಗ್ ಕಾಲೇಜಿಗೆ ಹೊಸದಾಗಿ ಸೇರಿದವರಿಗೆ ಫೌಂಡೇಶನ್ ಪಾಠ ಮಾಡುವಾಗ ನಾನು ಮೊದಲ ದಿನ ಹಾಸಿಗೆ ಹಾಸುವುದನ್ನು ಹೇಳಿಕೊಡುವುದಿಲ್ಲ, ಥರ್ಮಾಮೀಟರನ್ನೂ ಮುಟ್ಟಿಸುವುದಿಲ್ಲ. ಹಲಗೆಯ ಮೇಲೆ ‘ಶುಶ್ರೂಷೆ’ ಎಂದು ಬರೆದು, ಇದರ ಅರ್ಥ ಹೇಳಿ ಎನ್ನುತ್ತೇನೆ. ಸೇವೆ, ಆರೈಕೆ, ಉಪಚಾರ ಎಂಬ ಉತ್ತರಗಳು ಬರುತ್ತವೆ. ಯಾವುದೂ ತಪ್ಪಲ್ಲ. ಆದರೆ ಆ ಪದದ ಬೇರು ಇರುವುದು ಬೇರೆ ಕಡೆ. ಸಂಸ್ಕೃತದಲ್ಲಿ ‘ಶ್ರು’ ಎಂದರೆ ಕೇಳು. ಶ್ರವಣ, ಶ್ರುತಿ, ಶ್ರೋತೃ ಎಲ್ಲವೂ ಅದರಿಂದಲೇ ಬಂದವು. ಆ ಧಾತುವಿಗೆ ಬಯಕೆಯ ಅರ್ಥ ಕೂಡಿಕೊಂಡಾಗ ಶುಶ್ರೂಷಾ ಆಗುತ್ತದೆ: ಕೇಳಬೇಕೆಂಬ ಇಚ್ಛೆ. ಗುರುವಿನ ಮಾತು ಕೇಳುವ ಇಚ್ಛೆ ವಿಧೇಯತೆ ಎಂದಾಯಿತು, ವಿಧೇಯತೆ ಸೇವೆ ಎಂದಾಯಿತು, ಸೇವೆ ಎಂಬುದು ಕೊನೆಗೆ ರೋಗಿಯ ಹಾಸಿಗೆಯ ಬಳಿ ಬಂದು ನಿಂತಿತು.

ನಮ್ಮ ‘ಕೇಳು’ ಕೂಡ ಅಷ್ಟೇ ಒಳಸುಳಿಗಳಿರುವ ಪದ. ಕಿವಿಗೊಡುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ, ಹೇಳಿದಂತೆ ನಡೆಯುವುದೂ ಕೇಳುವುದೇ. ‘ಮಾತು ಕೇಳುವ ಹುಡುಗಿ’ ಎಂದಾಗ ಯಾವ ಅರ್ಥ ಎಂದು ಯಾರಿಗೂ ವಿವರಿಸಬೇಕಾಗಿಲ್ಲ. ಪಠ್ಯಪುಸ್ತಕಗಳು ನರ್ಸಿಂಗ್‌ನ ಇತಿಹಾಸ, ಶಿಕ್ಷಣ, ನೀತಿಸಂಹಿತೆ, ಸಿದ್ಧಾಂತ ಎಂದು ಬೇರೆ ಬೇರೆ ಅಧ್ಯಾಯ ಮಾಡಿಕೊಂಡಿವೆ. ನನಗೆ ಅವೆಲ್ಲವೂ ಈ ಒಂದು ಕ್ರಿಯಾಪದದ ಮೇಲೆ 150 ವರ್ಷಗಳಿಂದ ನಡೆಯುತ್ತಿರುವ ವ್ಯಾಜ್ಯದಂತೆ ಕಾಣುತ್ತವೆ. ನರ್ಸ್ ಯಾರ ಮಾತು ಕೇಳಬೇಕು?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಸರ್ಜಿಕಲ್ ವಾರ್ಡಿನಲ್ಲಿ ರಾತ್ರಿ ಪಾಳಿ. ಆ ದಿನ ಮಧ್ಯಾಹ್ನ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದ ಮಹಿಳೆಯೊಬ್ಬರು ಒಂದು ಗಂಟೆಯ ಹೊತ್ತಿಗೆ ನನ್ನನ್ನು ಕರೆದು, “ಸಿಸ್ಟರ್, ಏನೋ ಆಗುತ್ತಿದೆ, ಏನೆಂದು ಹೇಳಲು ಬರುತ್ತಿಲ್ಲ” ಎಂದರು. ನೋವೇ ಎಂದು ಕೇಳಿದೆ. ಅಲ್ಲ ಎಂದರು. ಬಿಪಿ ನೋಡಿದೆ, 110/70. ಜ್ವರ ಇರಲಿಲ್ಲ. “ಏನೂ ಇಲ್ಲ ಅಮ್ಮ, ಗಾಬರಿಯಾಗಬೇಡಿ, ಮಲಗಿ” ಎಂದು ಹೇಳಿ ಚಾರ್ಟ್ ತುಂಬಿಸಿದೆ. ಉಸಿರಾಟದ ಅಂಕಣದಲ್ಲಿ 20 ಎಂದು ಬರೆದೆ. ಎಣಿಸಿರಲಿಲ್ಲ. ಮೇಲಿನ ಸಾಲುಗಳಲ್ಲೆಲ್ಲ 20 ಇತ್ತು, ನಾನೂ 20 ಬರೆದೆ.

ಅರ್ಧ ಗಂಟೆಯ ನಂತರ ಹಿರಿಯ ಸಿಸ್ಟರ್ ಒಂದು ಸುತ್ತು ಬಂದರು. ಆ ಹಾಸಿಗೆಯ ಬಳಿ ನಿಂತು, ಏನೂ ಮಾತನಾಡದೆ ಆಕೆಯ ಮಣಿಕಟ್ಟು ಹಿಡಿದುಕೊಂಡರು. ಗಡಿಯಾರದ ಮೇಲೆ ಕಣ್ಣಿಟ್ಟು ಪೂರ್ತಿ ಒಂದು ನಿಮಿಷ, ಆಮೇಲೆ ಇನ್ನೊಂದು ನಿಮಿಷ. ನಾಡಿ 118, ಉಸಿರು 30, ಎರಡೂ ಹೆಚ್ಚು. ಅಂಗೈ ತಣ್ಣಗಿತ್ತು, ಬೆವರಿನಿಂದ ಒದ್ದೆಯಾಗಿತ್ತು.

ಒಳಗೇ ರಕ್ತ ಸೋರುತ್ತಿರುವಾಗ ದೇಹ ಸುಲಭಕ್ಕೆ ಸೋಲೊಪ್ಪುವುದಿಲ್ಲ. ಕೈಕಾಲುಗಳ ರಕ್ತನಾಳಗಳನ್ನು ಬಿಗಿ ಮಾಡಿ, ಹೃದಯವನ್ನು ಓಡಿಸಿ, ಉಸಿರನ್ನು ಚುರುಕುಗೊಳಿಸಿ ಬಿಪಿಯನ್ನು ಎತ್ತಿ ಹಿಡಿದಿರುತ್ತದೆ. ಬಿಪಿ ಕುಸಿಯುವ ವೇಳೆಗೆ ಬಹಳಷ್ಟು ಹೊತ್ತು ಕಳೆದುಹೋಗಿರುತ್ತದೆ. ಅದಕ್ಕೂ ಮೊದಲು ಬರುವ ಸುಳಿವುಗಳು ಇವೇ: ತಣ್ಣನೆಯ ಚರ್ಮ, ಏರುವ ನಾಡಿ, ಏರುವ ಉಸಿರು, ಮತ್ತು ರೋಗಿಯ ಬಾಯಿಂದ ಬರುವ ‘ಏನೋ ಆಗುತ್ತಿದೆ’ ಎಂಬ ಮಾತು. ಕೊನೆಯದನ್ನು ಅಳೆಯುವ ಯಂತ್ರ ಇಲ್ಲ.

ಸಿಸ್ಟರ್ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದರು. ಬಿಪಿ ಸರಿಯಿದೆಯಲ್ಲ, ನೋವಿನ ಇಂಜೆಕ್ಷನ್ ಕೊಡಿ, ಬೆಳಿಗ್ಗೆ ನೋಡೋಣ ಎಂದು ಅತ್ತಲಿಂದ ಉತ್ತರ ಬಂತು. ಸಿಸ್ಟರ್ ಇಂಜೆಕ್ಷನ್ ಕೊಡಲಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ನಾಡಿ, ಉಸಿರು ಎಣಿಸಿ, ಎರಡೂ ಸಲದ ಅಂಕಿಗಳನ್ನು ಓದಿ ಹೇಳಿ, “ನೀವು ಬಂದು ನೋಡಬೇಕು, ಸರ್” ಎಂದರು. ದನಿ ಏರಿರಲಿಲ್ಲ, ಇಳಿದೂ ಇರಲಿಲ್ಲ. ಡಾಕ್ಟರ್ ಬಂದರು. ಬೆಳಕು ಹರಿಯುವ ಮೊದಲೇ ಆಕೆಯನ್ನು ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ದು, ಸೋರುತ್ತಿದ್ದ ರಕ್ತನಾಳವನ್ನು ಕಟ್ಟಿದರು. ಆಕೆ ಬದುಕಿದರು.

ಸಿಸ್ಟರ್ ನನ್ನನ್ನು ಬೈಯಲಿಲ್ಲ. ಪಾಳಿ ಮುಗಿಸಿ ಹೊರಡುವಾಗ ಚಾರ್ಟನ್ನು ನನ್ನ ಮುಂದಿಟ್ಟು, “ಆಕೆ ಹೇಳಿದ ಮಾತನ್ನು ನೀನು ಎಲ್ಲಿ ಬರೆದಿದ್ದೀಯ?” ಎಂದು ಕೇಳಿದರು, ಅಷ್ಟೇ. ಎಲ್ಲಿಯೂ ಬರೆದಿರಲಿಲ್ಲ. ಅದು ಬರೆಯಬೇಕಾದ ವಿಷಯ ಎಂದೇ ನನಗೆ ಅನ್ನಿಸಿರಲಿಲ್ಲ.

ರೋಗಿಯ ಬಳಿ ಕುಳಿತವರು ಹೇಗಿರಬೇಕು ಎಂಬ ಯೋಚನೆ ಬಹಳ ಹಳೆಯದು. ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳಿ ವೈದ್ಯ, ಔಷಧ, ರೋಗಿ ಇವರ ಸಾಲಿನಲ್ಲೇ ಪರಿಚಾರಕನನ್ನೂ ನಿಲ್ಲಿಸುತ್ತದೆ. ಅವನಿಗಿರಬೇಕಾದ ಗುಣಗಳನ್ನೂ ಎಣಿಸುತ್ತದೆ: ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿ. ಮೊದಲು ತಿಳಿವಳಿಕೆ, ಅನುರಾಗ ಆಮೇಲೆ. ಈ ಕ್ರಮ ನನಗೆ ಮೆಚ್ಚುಗೆ. ನರ್ಸ್ ಎಂದರೆ ಕರುಣೆಯ ಮೂರ್ತಿ ಎಂದು ಹೊಗಳುವವರು ತಿಳಿವಳಿಕೆಯನ್ನು ಮರೆತೇಬಿಡುತ್ತಾರೆ. ಕರುಣೆ ನನಗೂ ಆ ರಾತ್ರಿ ಬೇಕಾದಷ್ಟಿತ್ತು.

ಆದರೆ ಪರಿಚರ್ಯೆ ಬೇರೆ, ವೃತ್ತಿ ಬೇರೆ. ಮನೆಯವರು, ಸನ್ಯಾಸಿನಿಯರು, ಕೂಲಿಯವರು ಸಾವಿರಾರು ವರ್ಷ ಮಾಡಿದ ಕೆಲಸಕ್ಕೆ ತರಬೇತಿ, ದಾಖಲೆ, ಹೊಣೆಗಾರಿಕೆ ಬಂದದ್ದು 19ನೇ ಶತಮಾನದಲ್ಲಿ. 1836ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ಥಿಯೋಡೋರ್ ಫ್ಲೀಡ್ನರ್ ಎಂಬ ಪಾದ್ರಿ ಹೆಣ್ಣುಮಕ್ಕಳಿಗೆ ಶುಶ್ರೂಷೆ ಕಲಿಸುವ ಸಂಸ್ಥೆ ತೆರೆದರು. 1851ರಲ್ಲಿ ಇಂಗ್ಲೆಂಡಿನ ಫ್ಲಾರೆನ್ಸ್ ನೈಟಿಂಗೇಲ್ ಅಲ್ಲಿಗೆ ಹೋಗಿ ಸುಮಾರು ಮೂರು ತಿಂಗಳು ಇದ್ದು ಕಲಿತರು. ಮುಂದಿನ ಕಥೆಯನ್ನು ದೀಪ ಹಿಡಿದ ದೇವತೆಯ ಕಥೆಯಾಗಿ ಹೇಳುವುದು ರೂಢಿ. ನಾನು ಆ ದೀಪವನ್ನು ಪಕ್ಕಕ್ಕಿಟ್ಟು ಹೇಳುತ್ತೇನೆ, ಏಕೆಂದರೆ ನೈಟಿಂಗೇಲ್ ಅವರ ದೊಡ್ಡತನ ಇರುವುದು ತಾವು ನಂಬಿದ್ದನ್ನು ತಿದ್ದಿಕೊಂಡದ್ದರಲ್ಲಿ.

1854ರ ನವೆಂಬರ್‌ನಲ್ಲಿ 38 ನರ್ಸ್‌ಗಳೊಂದಿಗೆ ಕ್ರಿಮಿಯಾ ಯುದ್ಧದ ಬ್ರಿಟಿಷ್ ಸೈನಿಕರಿಗಾಗಿ ಟರ್ಕಿಯ ಸ್ಕುಟಾರಿಯಲ್ಲಿದ್ದ ಸೇನಾ ಆಸ್ಪತ್ರೆಗೆ ಅವರು ಬಂದಿಳಿದಾಗ ಸೇನೆಯ ವೈದ್ಯರಿಗೆ ಅವರು ಬೇಕಾಗಿರಲಿಲ್ಲ. ವೈದ್ಯರು ಕೇಳುವವರೆಗೆ ಯಾರೂ ರೋಗಿಯನ್ನು ಮುಟ್ಟಬಾರದು ಎಂದು ನೈಟಿಂಗೇಲ್ ತಮ್ಮವರನ್ನು ತಡೆದು ಕೂರಿಸಿದರು. ಇನ್ಕರ್‌ಮನ್ ಯುದ್ಧದ ಗಾಯಾಳುಗಳು ಹಡಗುಗಳಲ್ಲಿ ತುಂಬಿ ಬಂದಾಗ ವೈದ್ಯರೇ ಕೇಳಬೇಕಾಯಿತು. ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ, ಏರಿತು. 1855ರ ಫೆಬ್ರುವರಿಯಲ್ಲಿ ದಾಖಲಾದವರಲ್ಲಿ ನೂರಕ್ಕೆ 42ರಷ್ಟು ಮಂದಿ ಸತ್ತರು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗದವರು ಕಟ್ಟಡದ ಅಡಿಯಲ್ಲಿ ಕಟ್ಟಿಕೊಂಡಿದ್ದ ಚರಂಡಿಗಳನ್ನು ತೆಗೆಸಿದರು, ಗಾಳಿಯಾಡುವಂತೆ ಮಾಡಿಸಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ 2ರ ಆಸುಪಾಸಿಗೆ ಬಂತು.

ಆಹಾರದ ಕೊರತೆ, ತೀರಾ ನಿತ್ರಾಣರಾದ ಮೇಲೆ ಬರುತ್ತಿದ್ದ ಸೈನಿಕರು, ಇವೇ ಕಾರಣ ಎಂದು ಅಲ್ಲಿರುವಾಗ ನೈಟಿಂಗೇಲ್ ನಂಬಿದ್ದರು. ಊರಿಗೆ ಮರಳಿ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ಜೊತೆ ಸಾವಿನ ಲೆಕ್ಕಗಳನ್ನು ಒಂದೊಂದಾಗಿ ಬಿಡಿಸಿದಾಗ ಬೇರೆ ಚಿತ್ರ ಮೂಡಿತು. ಗಾಯಕ್ಕಿಂತ ತಡೆಯಬಹುದಾಗಿದ್ದ ರೋಗಗಳೇ ಹೆಚ್ಚು ಮಂದಿಯನ್ನು ಕೊಂದಿದ್ದವು. 1858ರಲ್ಲಿ ಅವರು ಅದನ್ನು ಬಣ್ಣದ ಎಸಳುಗಳ ವೃತ್ತಾಕಾರದ ನಕ್ಷೆಯಾಗಿ ಬಿಡಿಸಿ ಸರ್ಕಾರದ ಮುಂದಿಟ್ಟರು. ತಾವು ರಾತ್ರಿ ಹಗಲು ದುಡಿದ ಆಸ್ಪತ್ರೆಯಲ್ಲೇ ಜನ ಹೀಗೆ ಸತ್ತರು ಎಂದು ತಮ್ಮ ಕೈಯಿಂದಲೇ ಬರೆದು ತೋರಿಸಲು ಎಂಥ ಎದೆ ಬೇಕು! ಇದನ್ನು ಓದಿದಾಗಲೆಲ್ಲ ನನಗೆ ನನ್ನ ಆ 20 ನೆನಪಾಗುತ್ತದೆ.

1859ರಲ್ಲಿ ಬಂದ ಅವರ ‘ನೋಟ್ಸ್ ಆನ್ ನರ್ಸಿಂಗ್’ನಲ್ಲಿ ರೋಗಿಯನ್ನು ಗಮನಿಸುವ ಬಗ್ಗೆ ಒಂದು ಅಧ್ಯಾಯವಿದೆ. ಚೆನ್ನಾಗಿ ನಿದ್ರೆ ಬಂತೇ ಎಂದು ಕೇಳುವುದು ವ್ಯರ್ಥ, ಎಷ್ಟು ಗಂಟೆ ನಿದ್ರೆ ಬಂತು, ರಾತ್ರಿಯ ಯಾವ ಹೊತ್ತಿನಲ್ಲಿ ಎಂದು ಕೇಳಬೇಕು ಎಂಬುದು ಅಲ್ಲಿನ ಪಾಠ. ನಾನು ಆ ಮಹಿಳೆಯನ್ನು ‘ನೋವೇ’ ಎಂದು ಕೇಳಿ, ಅಲ್ಲ ಎಂದ ಕೂಡಲೇ ಮುಗಿಯಿತೆಂದು ತಿಳಿದೆನಲ್ಲ, ಅದು ಇದೇ ತಪ್ಪು. ಹೌದು ಅಥವಾ ಇಲ್ಲ ಎಂಬ ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆ ನರ್ಸ್‌ನ ಕಿವಿಯನ್ನು ಮುಚ್ಚುತ್ತದೆ. ಇನ್ನೊಂದು ಅಧ್ಯಾಯದ ತಿರುಳು, ನೀವು ಇರುವಾಗ ನಡೆಯುವ ಕೆಲಸ ನೀವು ಇಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡಿ ಎಂಬುದು. ಇಂದಿನ ಪಾಳಿಯಿಂದ ಪಾಳಿಗೆ ಒಪ್ಪಿಸುವ ಹ್ಯಾಂಡೋವರ್ ಪದ್ಧತಿಯ ಹಿಂದಿರುವುದೂ ಈ ವಿಚಾರವೇ.

ಇದೇ ಯುದ್ಧದಲ್ಲಿ ಇನ್ನೊಬ್ಬರಿದ್ದರು. ಜಮೈಕಾದ ಮೇರಿ ಸೀಕೋಲ್, ಕಾಲರಾ ರೋಗಿಗಳನ್ನು ನೋಡಿಕೊಂಡ ಅನುಭವವಿದ್ದವರು, ಲಂಡನ್‌ನಲ್ಲಿ ಕೇಳಿಕೊಂಡರೂ ನರ್ಸ್‌ಗಳ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಸ್ವಂತ ಖರ್ಚಿನಲ್ಲಿ ಹೋಗಿ ಕ್ರಿಮಿಯಾದ ಬಾಲಕ್ಲಾವಾದ ಹತ್ತಿರ ನೆಲೆ ಮಾಡಿಕೊಂಡು ಸೈನಿಕರನ್ನು ನೋಡಿಕೊಂಡರು. ನೈಟಿಂಗೇಲ್ ನರ್ಸಿಂಗ್ ಶಾಲೆ ಆರಂಭಿಸಿದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಅಂಗಳದಲ್ಲಿ ಸೀಕೋಲ್ ಅವರ ಪ್ರತಿಮೆ ನಿಂತದ್ದು 2016ರಲ್ಲಿ. ವೃತ್ತಿಯೊಂದು ತನ್ನ ಇತಿಹಾಸದಲ್ಲಿ ಯಾರ ದನಿ ಕೇಳಿಸಿಕೊಂಡಿತು ಎಂಬುದೂ ಕೇಳಬೇಕಾದ ಪ್ರಶ್ನೆಯೇ.

ಆ ಶಾಲೆ ತೆರೆದದ್ದು 1860ರಲ್ಲಿ. ಧರ್ಮಸಂಸ್ಥೆಯ ಅಧೀನದಲ್ಲಿರದ ನರ್ಸಿಂಗ್ ಶಿಕ್ಷಣ ಅಲ್ಲಿಂದ ಜಗತ್ತಿಗೆಲ್ಲ ಹರಡಿತು. ಅಲ್ಲಿನ ವಿದ್ಯಾರ್ಥಿನಿಯರ ಬಗ್ಗೆ ತಿಂಗಳಿಗೊಮ್ಮೆ ತುಂಬಿಸುತ್ತಿದ್ದ ನಮೂನೆಯಲ್ಲಿ ಸಮಯಪಾಲನೆ, ನಂಬಿಕೆಗೆ ಅರ್ಹತೆ, ಅಚ್ಚುಕಟ್ಟುತನ, ಶುಚಿಯ ಜೊತೆಗೆ ‘ಸದ್ದಿಲ್ಲದಿರುವಿಕೆ’ಗೂ ಒಂದು ಅಂಕಣವಿತ್ತು. ರೋಗಿಯ ಕೋಣೆಯಲ್ಲಿ ಸದ್ದು ಮಾಡದಿರುವುದು ಒಳ್ಳೆಯ ಗುಣ, ಒಪ್ಪುತ್ತೇನೆ. ಆದರೆ ಆ ಗುಣ ವಾರ್ಡಿನಿಂದ ಹೊರಟು ರೌಂಡ್ಸ್‌ಗೆ, ಸಭೆಗೆ, ಕಚೇರಿಗೆಲ್ಲ ಹಬ್ಬಿತು. ಮೊದಲು ಮಾತನಾಡಬಾರದೆಂದು ಕಲಿಸಿ, ಆಮೇಲೆ ‘ನೀವು ಯಾಕೆ ಮುಂಚೆಯೇ ಹೇಳಲಿಲ್ಲ’ ಎಂದು ಕೇಳುವುದನ್ನು ನಾನು ನನ್ನ ಸೇವಾವಧಿಯುದ್ದಕ್ಕೂ ಕಂಡಿದ್ದೇನೆ.

ತರಬೇತಿ ಶಾಲೆಗಳು ಬೆಳೆದಂತೆ ಆಸ್ಪತ್ರೆಗಳಿಗೆ ಒಂದು ಸತ್ಯ ಹೊಳೆಯಿತು: ವಿದ್ಯಾರ್ಥಿನಿ ಎಂದರೆ ಸಂಬಳ ಬೇಡದ ಆಳು. ಪಾಠ ಹಿಂದಾಯಿತು, ಪಾಳಿ ಮುಂದಾಯಿತು. 1923ರಲ್ಲಿ ಅಮೆರಿಕದ ಗೋಲ್ಡ್‌ಮಾರ್ಕ್ ವರದಿ ಇದನ್ನು ಬಿಚ್ಚಿ ಹೇಳಿ, ನರ್ಸಿಂಗ್ ಶಿಕ್ಷಣ ವಿಶ್ವವಿದ್ಯಾಲಯಕ್ಕೆ ಹೋಗಬೇಕು ಎಂದಿತು. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ವಿಭಾಗ ಆರಂಭವಾಯಿತು. ಮಿನೆಸೋಟಾದಲ್ಲಿ 1909ರಲ್ಲೇ ಆಗಿತ್ತು. ಅರ್ಹತೆ ಪಡೆದ ನರ್ಸ್‌ಗಳ ಹೆಸರನ್ನು ಅಧಿಕೃತ ಪಟ್ಟಿಯಲ್ಲಿ ಸೇರಿಸುವ ನೋಂದಣಿಯ ಕಾನೂನನ್ನು ನ್ಯೂಜಿಲೆಂಡ್ 1901ರಲ್ಲಿ ತಂದಿತು, ಬ್ರಿಟನ್ 1919ರಲ್ಲಿ. ಬ್ರಿಟನ್ನಿನಲ್ಲಿ ಅದಕ್ಕಾಗಿ ದಶಕಗಳ ಕಾಲ ಹೋರಾಡಿದವರು ಎಥೆಲ್ ಬೆಡ್‌ಫರ್ಡ್ ಫೆನ್ವಿಕ್. ಅದನ್ನು ವಿರೋಧಿಸಿದವರು ನೈಟಿಂಗೇಲ್, ನರ್ಸ್‌ನ ಸ್ವಭಾವವನ್ನು ಪರೀಕ್ಷೆ ಅಳೆಯಲಾರದು ಎಂಬ ಕಾರಣಕ್ಕೆ. ನಾನು ಫೆನ್ವಿಕ್ ಅವರ ಪಕ್ಷ. ಸ್ವಭಾವವನ್ನು ಅಳೆಯಲಾಗದು, ನಿಜ. ಆದರೆ ಸ್ವಭಾವದ ಹೆಸರಿನಲ್ಲಿ ಯಾರನ್ನು ಬೇಕಾದರೂ ನರ್ಸ್ ಎಂದು ನಿಲ್ಲಿಸುವುದನ್ನು ತಡೆಯಲು ಪಟ್ಟಿಯೊಂದು ಬೇಕೇ ಬೇಕು.

ಓದಿದರೆ ಏನು ಬಂತು, ನರ್ಸ್‌ಗೆ ಪದವಿ ಯಾಕೆ ಎಂದು ಈಗಲೂ ಕೇಳುವವರಿದ್ದಾರೆ. 2014ರಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಜೊತೆಗಾರರು ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದರು. ಪದವೀಧರ ನರ್ಸ್‌ಗಳ ಪಾಲು ಶೇಕಡ 10ರಷ್ಟು ಹೆಚ್ಚಿದ್ದಲ್ಲಿ 30 ದಿನಗಳೊಳಗಿನ ಸಾವಿನ ಸಂಭವ ಶೇಕಡ 7ರಷ್ಟು ಕಡಿಮೆಯಿತ್ತು. ಒಬ್ಬ ನರ್ಸ್ ನೋಡಿಕೊಳ್ಳಬೇಕಾದ ರೋಗಿಗಳಲ್ಲಿ ಒಬ್ಬರು ಹೆಚ್ಚಾದರೆ ಅದೇ ಸಂಭವ ಶೇಕಡ 7ರಷ್ಟು ಏರುತ್ತಿತ್ತು. ಆ ರಾತ್ರಿ ನಮ್ಮ ವಾರ್ಡಿನಲ್ಲಿ ನಾವಿಬ್ಬರೇ ಇದ್ದೆವು. ನನ್ನ ತಪ್ಪಿಗೆ ಇದು ನೆಪವಲ್ಲ. ಆದರೆ ಒಂದು ನಿಮಿಷ ಎಣಿಸಲು ಒಂದು ನಿಮಿಷ ಇರಬೇಕು.

ಈಗ ನೀತಿಯ ಮಾತಿಗೆ ಬರುತ್ತೇನೆ. ಇಲ್ಲಿಯೇ ‘ಕೇಳು’ ಪದದ ಅರ್ಥಗಳು ಒಂದಕ್ಕೊಂದು ಎದುರು ನಿಲ್ಲುವುದು. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಅವರ ಸಮಿತಿ ನರ್ಸ್‌ಗಳಿಗಾಗಿ ರಚಿಸಿದ ನೈಟಿಂಗೇಲ್ ಪ್ರತಿಜ್ಞೆ ವೈದ್ಯನ ಕೆಲಸಕ್ಕೆ ನಿಷ್ಠೆಯಿಂದ ನೆರವಾಗುತ್ತೇನೆ ಎನ್ನುತ್ತಿತ್ತು. ಅಂತರರಾಷ್ಟ್ರೀಯ ನರ್ಸ್‌ಗಳ ಪರಿಷತ್ತು 1953ರಲ್ಲಿ ಒಪ್ಪಿದ ಮೊದಲ ನೀತಿಸಂಹಿತೆಯಲ್ಲೂ ವೈದ್ಯನ ಆದೇಶವನ್ನು ಬುದ್ಧಿಯಿಂದ, ನಿಷ್ಠೆಯಿಂದ ಪಾಲಿಸುವ ಕರ್ತವ್ಯ ಇತ್ತು. 1973ರ ಪರಿಷ್ಕರಣೆಯಲ್ಲಿ ಅದು ಹೋಯಿತು. ನರ್ಸ್‌ನ ಮೊದಲ ಹೊಣೆ ಆರೈಕೆ ಬೇಕಾದ ವ್ಯಕ್ತಿಗೆ ಎಂದು ಬರೆಯಲಾಯಿತು. ಒಂದು ವಾಕ್ಯದ ಬದಲಾವಣೆ. ಅದಕ್ಕೆ 20 ವರ್ಷ ಹಿಡಿಯಿತು, ಮತ್ತು ಅದರ ಹಿಂದೆ ಹಲವು ಕಹಿ ಪಾಠಗಳಿವೆ.

ಒಂದು ಪಾಠ ಮನೋವೈದ್ಯ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದ ಪ್ರಯೋಗದ್ದು. ಪರಿಚಯವಿಲ್ಲದ ‘ಡಾಕ್ಟರ್’ ಒಬ್ಬ ವಾರ್ಡಿಗೆ ಫೋನ್ ಮಾಡಿ ‘ಆಸ್ಟ್ರೋಟೆನ್’ ಎಂಬ, ನರ್ಸ್‌ಗಳಿಗೆ ಗೊತ್ತೇ ಇಲ್ಲದ ಔಷಧವನ್ನು 20 ಮಿಲಿಗ್ರಾಂ ಕೊಡಲು ಹೇಳುತ್ತಾನೆ. ಡಬ್ಬಿಯ ಮೇಲೆ ದಿನದ ಗರಿಷ್ಠ ಪ್ರಮಾಣ 10 ಎಂದು ಬರೆದಿದೆ. ಫೋನಿನ ಆದೇಶ ನಿಯಮಕ್ಕೆ ವಿರುದ್ಧ. ಆದರೂ 22 ನರ್ಸ್‌ಗಳಲ್ಲಿ 21 ಮಂದಿ ಕೊಡಲು ಹೊರಟರು, ದಾರಿಯಲ್ಲಿ ಅವರನ್ನು ತಡೆಯಲಾಯಿತು. ಇಂಥ ಸಂದರ್ಭದಲ್ಲಿ ನೀವೇನು ಮಾಡುತ್ತೀರಿ ಎಂದು ಬೇರೆ ನರ್ಸ್‌ಗಳನ್ನೂ ವಿದ್ಯಾರ್ಥಿನಿಯರನ್ನೂ ಕೇಳಿದಾಗ ಹೆಚ್ಚುಕಡಿಮೆ ಎಲ್ಲರೂ ಕೊಡುವುದಿಲ್ಲ ಎಂದಿದ್ದರು. 21 ವಿದ್ಯಾರ್ಥಿನಿಯರಲ್ಲಿ ಒಬ್ಬರೂ ಕೊಡುತ್ತೇನೆ ಎಂದಿರಲಿಲ್ಲ. ನನ್ನ ತರಗತಿಯಲ್ಲೂ ಪ್ರತಿ ವರ್ಷ ಅದೇ ಉತ್ತರ ಬರುತ್ತದೆ.

1977ರಲ್ಲಿ ರ‍್ಯಾಂಕ್ ಮತ್ತು ಜೇಕಬ್ಸನ್ ಇದನ್ನೇ ಸ್ವಲ್ಪ ಬದಲಿಸಿ ಮಾಡಿದರು. ಈ ಬಾರಿ ಔಷಧ ನರ್ಸ್‌ಗಳಿಗೆ ಗೊತ್ತಿದ್ದದ್ದು, ಜೊತೆಯವರನ್ನು ಕೇಳಿ ನೋಡುವ ಅವಕಾಶವೂ ಇತ್ತು. 18 ಮಂದಿಯಲ್ಲಿ ಕೊಡುವ ಹಂತಕ್ಕೆ ಹೋದವರು ಇಬ್ಬರೇ. ಧೈರ್ಯದ ಬಗ್ಗೆ ಉಪನ್ಯಾಸ ಕೊಡುವವರು ಈ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಮೊದಲ ಗುಂಪಿನವರು ಹೇಡಿಗಳಲ್ಲ, ಎರಡನೆಯವರು ವೀರರಲ್ಲ. ಎರಡನೆಯವರಿಗೆ ಔಷಧದ ಅರಿವಿತ್ತು, ಪಕ್ಕದಲ್ಲಿ ಕೇಳಲು ಒಬ್ಬರಿದ್ದರು.

ಇನ್ನೊಂದು ಕಥೆಯನ್ನು ನಾನು ಪ್ರತಿ ಬಾರಿಯೂ ತಡವರಿಸುತ್ತಲೇ ಹೇಳುತ್ತೇನೆ. 1932ರಿಂದ 1972ರವರೆಗೆ ಅಮೆರಿಕದ ಅಲಬಾಮಾದಲ್ಲಿ ಸರ್ಕಾರಿ ಆರೋಗ್ಯ ಸೇವೆಯವರು ಸಿಫಿಲಿಸ್ ಎಂಬ ಲೈಂಗಿಕ ರೋಗವಿದ್ದ 399 ಕಪ್ಪು ಜನಾಂಗದ ಪುರುಷರನ್ನು ಚಿಕಿತ್ಸೆ ಕೊಡದೆ ‘ಅಧ್ಯಯನ’ ಮಾಡಿದರು. ಆ ರೋಗವನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಆ ಪುರುಷರಿಗೂ ವೈದ್ಯರಿಗೂ ನಡುವೆ ಕೊಂಡಿಯಾಗಿದ್ದವರು ಯೂನಿಸ್ ರಿವರ್ಸ್, ಅವರದೇ ಸಮುದಾಯದ ನರ್ಸ್. ಮನೆಗಳಿಗೆ ಹೋಗುತ್ತಿದ್ದರು, ಕಾರಿನಲ್ಲಿ ಕರೆತರುತ್ತಿದ್ದರು, ಅವರ ಕಷ್ಟಸುಖ ಕೇಳುತ್ತಿದ್ದರು. ಆ ಜನ ಅವರನ್ನು ನಂಬಿದ್ದರು. ಆ ನಂಬಿಕೆಯೇ ಅಧ್ಯಯನವನ್ನು 40 ವರ್ಷ ನಡೆಸಿತು. ಆ ಕಾಲದಲ್ಲಿ ಕಪ್ಪು ಹೆಣ್ಣುಮಗಳೊಬ್ಬಳು ಬಿಳಿಯ ವೈದ್ಯರನ್ನು ಎದುರಿಸಿ ಕೇಳುವುದು ಎಂದರೆ ಏನು ಎಂಬುದನ್ನು ಮರೆತು ಅವರನ್ನು ಖಂಡಿಸಲು ನನ್ನಿಂದಾಗದು. ಆದರೆ ಇದನ್ನು ಹೇಳದೆ ಬಿಡಲೂ ಆಗದು. ಅಲ್ಲಿ ಕರುಣೆಯಿತ್ತು, ಕಿವಿಗೊಡುವಿಕೆ ಇತ್ತು, ವಿಧೇಯತೆಯೂ ಇತ್ತು. ಪ್ರಶ್ನೆಯೊಂದು ಇರಲಿಲ್ಲ.

ಸಿದ್ಧಾಂತದ ಅಧ್ಯಾಯ ಬಂದರೆ ವಿದ್ಯಾರ್ಥಿಗಳ ಮುಖ ಬಾಡುತ್ತದೆ. ಓರೆಮ್, ರಾಯ್, ರೋಜರ್ಸ್, ಲೈನಿಂಗರ್ ಎಂದು ಹೆಸರುಗಳ ಸಾಲು, ಪರೀಕ್ಷೆಗೆ ಬಾಯಿಪಾಠ. ಎಲ್ಲವೂ ಒಂದೇ ತೂಕದವಲ್ಲ, ಕೆಲವು ವಾರ್ಡಿನ ಬಾಗಿಲು ದಾಟುವುದೇ ಇಲ್ಲ. ನಾನು ಇಬ್ಬರನ್ನು ನಿಧಾನವಾಗಿ ಕಲಿಸುತ್ತೇನೆ. ಒಬ್ಬರು ಹಿಲ್ಡೆಗಾರ್ಡ್ ಪೆಪ್ಲಾವ್. ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಚಿಕಿತ್ಸೆಯ ಸಾಧನ ಎಂದು ವಾದಿಸಿದ ಅವರ ಪುಸ್ತಕ 1948ರಲ್ಲೇ ಸಿದ್ಧವಾಗಿದ್ದರೂ ಹೊರಬಂದದ್ದು 1952ರಲ್ಲಿ. ಜೊತೆಗೆ ವೈದ್ಯನೊಬ್ಬನ ಹೆಸರಿಲ್ಲದೆ ನರ್ಸ್ ಒಬ್ಬರೇ ಪುಸ್ತಕ ಬರೆಯುವುದು ಆಗ ಸಲ್ಲದ ಮಾತಾಗಿತ್ತು. ಇನ್ನೊಬ್ಬರು ವರ್ಜಿನಿಯಾ ಹೆಂಡರ್ಸನ್. ಶಕ್ತಿಯೋ ಮನಸ್ಸೋ ತಿಳಿವಳಿಕೆಯೋ ಇದ್ದಿದ್ದರೆ ವ್ಯಕ್ತಿ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸಗಳಿಗೆ ನೆರವಾಗುವುದು, ಅದೂ ಆತ ಬೇಗ ತನ್ನ ಕಾಲ ಮೇಲೆ ನಿಲ್ಲುವಂತೆ ನೆರವಾಗುವುದು ನರ್ಸಿಂಗ್ ಎಂದರು ಅವರು. ಗುಣವಾಗದವರಿಗೆ ನೆಮ್ಮದಿಯ ಸಾವಿಗೆ ನೆರವಾಗುವುದನ್ನೂ ಅದರಲ್ಲಿ ಸೇರಿಸಿದರು. ಪಾರ್ಶ್ವವಾಯುವಾದ ರೋಗಿಯ ತಲೆ ಬಾಚಲು ಹೊರಟ ವಿದ್ಯಾರ್ಥಿಯ ಕೈಯಿಂದ ಬಾಚಣಿಗೆ ತೆಗೆದು ನಾನು ರೋಗಿಯ ಸ್ವಾಧೀನವಿರುವ ಕೈಗೆ ಕೊಡುತ್ತೇನೆ. ಹೆಂಡರ್ಸನ್ ಅರ್ಥವಾಗಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಹಿರಿಯ ಸಿಸ್ಟರ್ ಆ ಹಾಸಿಗೆಯ ಬಳಿಯೇ ಯಾಕೆ ನಿಂತರು ಎಂಬುದು ಬಹಳ ದಿನ ನನ್ನನ್ನು ಕಾಡಿತ್ತು. ಚಾರ್ಟಿನಲ್ಲಿ ಎಲ್ಲವೂ ಸರಿಯಿತ್ತು, ನಾನು ಏನನ್ನೂ ಹೇಳಿರಲಿಲ್ಲ. ಮುಂದೆ ನರ್ಸಿಂಗ್ ವಿದ್ವಾಂಸೆ ಪ್ಯಾಟ್ರಿಷಿಯಾ ಬೆನ್ನರ್ ಅವರ ಬರಹ ಓದಿದಾಗ ಉತ್ತರ ಸಿಕ್ಕಿತು. ಹೊಸ ನರ್ಸ್ ನಿಯಮ ಹಿಡಿದು ನಡೆಯುತ್ತಾಳೆ, ಪಳಗಿದ ನರ್ಸ್ ಇಡೀ ಸನ್ನಿವೇಶವನ್ನು ಒಮ್ಮೆಗೇ ಕಾಣುತ್ತಾಳೆ ಎಂದು ಬೆನ್ನರ್ 1984ರಲ್ಲಿ ನರ್ಸ್‌ಗಳ ಅನುಭವಗಳನ್ನೇ ಆಧರಿಸಿ ತೋರಿಸಿದರು. ಸಿಸ್ಟರ್‌ಗೆ ಬಾಗಿಲಿನಿಂದಲೇ ಏನೋ ಕಂಡಿತ್ತು. ಕಂಡಿತು ಎಂದು ಸುಮ್ಮನಾಗಲಿಲ್ಲ, ಎಣಿಸಿದರು. ನನಗೆ ಅವರಲ್ಲಿ ಅತಿ ಹೆಚ್ಚು ಗೌರವ ಇರುವುದು ಆ ಎರಡನೇ ನಿಮಿಷಕ್ಕೆ.

ಈಗ ನನ್ನ ವಿದ್ಯಾರ್ಥಿಗಳಿಗೆ ಉಸಿರು ಎಣಿಸುವುದನ್ನು ಹೀಗೆ ಹೇಳಿಕೊಡುತ್ತೇನೆ. ನಾಡಿ ನೋಡಿದ ಮೇಲೆ ಬೆರಳುಗಳನ್ನು ಮಣಿಕಟ್ಟಿನ ಮೇಲೆಯೇ ಬಿಡಿ. ಉಸಿರು ಎಣಿಸುತ್ತಿದ್ದೀರೆಂದು ರೋಗಿಗೆ ತಿಳಿದರೆ ಉಸಿರಿನ ಲಯ ಬದಲಾಗುತ್ತದೆ. ಎದೆಯ ಏರಿಳಿತದ ಮೇಲೆ ಕಣ್ಣಿಡಿ, ಪೂರ್ತಿ ಒಂದು ನಿಮಿಷ. ಮುಗಿದ ಮೇಲೆ ಹೇಗನ್ನಿಸುತ್ತಿದೆ ಎಂದು ಕೇಳಿ, ರೋಗಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ.

ಕಳೆದ ವರ್ಷ ಹುಡುಗಿಯೊಬ್ಬಳು ಎದ್ದು ನಿಂತು, “ಮೇಡಂ, ಎರಡನೇ ಸಲ ಫೋನ್ ಮಾಡಿದಾಗಲೂ ಡಾಕ್ಟರ್ ಬರುವುದಿಲ್ಲ ಎಂದರೆ?” ಎಂದು ಕೇಳಿದಳು.

“ಮೂರನೇ ಸಲ ಅವರಿಗಿಂತ ಮೇಲಿನವರಿಗೆ ಮಾಡು” ಎಂದೆ. “ಪ್ರತಿ ಸಲವೂ ಎಷ್ಟು ಗಂಟೆಗೆ ಮಾಡಿದೆ, ಏನು ಹೇಳಿದೆ, ಅವರು ಏನೆಂದರು ಎಂದು ಬರೆದಿಡು. ಅಷ್ಟು ಹೊತ್ತೂ ರೋಗಿಯ ಪಕ್ಕದಲ್ಲಿ ಒಬ್ಬರು ಇರುವಂತೆ ನೋಡಿಕೋ.”

ಅವಳು ಕೂರಲಿಲ್ಲ. “ವಾರ್ಡಿನಲ್ಲಿ ನಾನೊಬ್ಬಳೇ ಇದ್ದರೆ?”

ಆ ದಿನ ಪಾಠ ಅಲ್ಲಿಗೆ ನಿಂತಿತು, ಉಳಿದ ಹೊತ್ತೆಲ್ಲ ಆ ಒಂದು ಪ್ರಶ್ನೆಯ ಮೇಲೆ ಕಳೆಯಿತು.